ಮಹಡಿಯ ಲ್ಯಾಬು, ನನ್ನ ಎಡ ಮೊಣಕಾಲು

ಅಧ್ಯಾಪಕ ಮಿತ್ರರೇ, ಮೊದಲು ಒಂದು ಸಣ್ಣ ಪ್ರಯೋಗ. ಕುರ್ಚಿಯಲ್ಲಿ ಕೂತುಕೊಂಡೇ ಮಾಡಬಹುದು. ಪಾದ ನೆಲಕ್ಕೆ ತಾಗದ ಹಾಗೆ, ಮೊಣಕಾಲು 90 ಡಿಗ್ರಿ ಮಡಚಿ ಕೂರಿ. ಮೊಣಕಾಲಿನ ಕೆಳಗಿನ ಎಲುಬನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಈಗ ಪಾದದ ತುದಿಯನ್ನು ಒಮ್ಮೆ ಒಳಗೆ, ಒಮ್ಮೆ ಹೊರಗೆ ತಿರುಗಿಸಿ. ಕೈಯೊಳಗೆ ಎಲುಬು ತಿರುಗುವುದು ಗೊತ್ತಾಗ್ತದೆ ಅಲ್ವಾ? ಇನ್ನು ಕಾಲನ್ನು ಪೂರ್ತಿ ನೇರ ಮಾಡಿ ಹಾಗೆಯೇ ತಿರುಗಿಸಿ ನೋಡಿ. ಈಗ ತಿರುಗುವುದು ಸೊಂಟದಿಂದ. ಮೊಣಕಾಲಿಗೆ ಬೀಗ ಬಿದ್ದಾಗಿದೆ.

ಹನ್ನೆರಡು ವರ್ಷದಿಂದ ನಾನು ಮೊಣಕಾಲನ್ನು 'ಬಿಜಾಗರಿ ಕೀಲು' ಅಂತ ಕಲಿಸುತ್ತಾ ಬಂದಿದ್ದೇನೆ. ಕ್ಲಾಸಿನ ಬಾಗಿಲನ್ನು ತೆರೆದು ಮುಚ್ಚಿ, 'ನೋಡಿ ಮಕ್ಕಳೇ, ಇದರ ಹಾಗೆ' ಎಂದು ತೋರಿಸಿಯೂ ಇದ್ದೇನೆ. ಬಾಗಿಲಿನ ಬಿಜಾಗರಿ ತನ್ನ ಸುತ್ತ ಹಾಗೆ ತಿರುಗುವುದಿಲ್ಲ. ಮಡಚಿದಾಗ ಅಷ್ಟಿಷ್ಟು ತಿರುಗಿ, ನೇರ ಮಾಡುವಾಗ ಕೊನೆಯ ಹದಿನೈದಿಪ್ಪತ್ತು ಡಿಗ್ರಿಯಲ್ಲಿ ಸ್ಕ್ರೂ ಬಿಗಿದ ಹಾಗೆ ಬಿಗಿದುಕೊಳ್ಳುವ ಕೀಲು ಇದು. ಆ ತಿರುಗುವಿಕೆ ಹದ ತಪ್ಪದಂತೆ ಒಳಗಿನಿಂದ ಹಿಡಿದುಕೊಂಡಿರುವ ಅಸ್ಥಿರಜ್ಜುಗಳಲ್ಲಿ ಒಂದರ ಹೆಸರು ಎ.ಸಿ.ಎಲ್. ಉದ್ದ ಸುಮಾರು 3 ಸೆಂಟಿಮೀಟರ್. ಕಳೆದ ಜುಲೈಯಲ್ಲಿ ನನ್ನದು ಕಡಿಯಿತು.

ಕಡಿದದ್ದು ಹೇಗೆಂದರೆ, ನನಗೆ ಮದುವೆಯಾದದ್ದು ಕಳೆದ ಏಪ್ರಿಲ್ ರಜೆಯಲ್ಲಿ, ಮೂವತ್ತೈದನೇ ವಯಸ್ಸಿನಲ್ಲಿ. ಹುಟ್ಟಿ ಬೆಳೆದದ್ದು ಪೇಟೆಯಲ್ಲಿ, ಸಿಮೆಂಟಿನ ಅಂಗಳದ ಮನೆಯಲ್ಲಿ. ಮದುವೆಯಾಗಿ ಬಂದದ್ದು ಅಡಿಕೆ ತೋಟದ ನಡುವಿನ ಮನೆಗೆ. ಜೂನ್ ಕಳೆಯುವಷ್ಟರಲ್ಲಿ ಅಂಗಳವಿಡೀ ಹಸಿರು ಪಾಚಿ. ಆ ಮನೆಯವರೆಲ್ಲ ಸೋಗೆ ಹಾಸಿದ ದಾರಿಯಲ್ಲೇ ನಡೆಯುತ್ತಾರೆ, ಬೆರಳೂರಿ ನಡೆಯುತ್ತಾರೆ. ಅದೊಂದು ವಿದ್ಯೆ, ನನಗೆ ಅದು ಬರ್ತಿರಲಿಲ್ಲ. ಶಾಲೆಗೆ ಹೊತ್ತಾಯಿತೆಂದು ಬಕೆಟ್ ಹಿಡಿದು ಅಡ್ಡ ದಾರಿಯಲ್ಲಿ ಬಂದೆ. ಎಡಪಾದ ಜಾರಿ ಮುರಕಲ್ಲಿನ ಮೆಟ್ಟಿಲಿಗೆ ಸಿಕ್ಕಿಕೊಂಡಿತು, ಮೈ ಮಾತ್ರ ಬಲಕ್ಕೆ ತಿರುಗಿತು. ಒಳಗಿನಿಂದ 'ಟಕ್' ಅಂತ ಶಬ್ದ ಬಂದದ್ದು ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳಿಸಿತಂತೆ. ಅದು ನಿಜವೋ ಅವರ ಪ್ರೀತಿಯೋ ಗೊತ್ತಿಲ್ಲ.

ಎರಡು ವಾರದಲ್ಲಿ ಬಾವು ಇಳಿಯಿತು. ನಾನು ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಶಾಲೆಗೆ ಹೋದೆ. ಇದು ನಾನು ಮಾಡಿದ ಮೊದಲ ತಪ್ಪು. ನೋವು ಕಡಿಮೆಯಾಯಿತು ಎಂದರೆ ಗುಣವಾಯಿತು ಎಂದು ವಿಜ್ಞಾನದ ಅಧ್ಯಾಪಿಕೆಯೇ ತಿಳಿದುಕೊಂಡದ್ದು. ಮೂರನೇ ವಾರ ಪ್ರನಾಳಗಳ ಸ್ಟ್ಯಾಂಡ್ ಹಿಡಿದು ಲ್ಯಾಬಿನ ಮೆಟ್ಟಿಲು ಇಳಿಯುವಾಗ ಕಾಲು ಕೊಟ್ಟೇ ಬಿಟ್ಟಿತು. ಕಾಲೇ ಇಲ್ಲವೇನೋ ಅನ್ನಿಸಿತು. ಮಂಗಳೂರಿನಲ್ಲಿ ಎಂ.ಆರ್.ಐ. ಮಾಡಿಸಿದಾಗ ಎ.ಸಿ.ಎಲ್. ಪೂರ್ತಿ ಕಡಿದಿದೆ, ಮೆನಿಸ್ಕಸ್ಸೂ ಹರಿದಿದೆ ಎಂದರು. ಓಣಂ ರಜೆಗೆ ಸ್ವಲ್ಪ ಮೊದಲು ಶಸ್ತ್ರಚಿಕಿತ್ಸೆ ಆಯಿತು. ಕಮ್ಯೂಟೆಡ್ ಲೀವ್ ಹಾಕಿ ಅಕ್ಟೋಬರ್ ಕೊನೆಯವರೆಗೆ ಮನೆಯಲ್ಲಿದ್ದೆ.

ಮದುವೆಯಾಗಿ ನಾಲ್ಕೇ ತಿಂಗಳು. ಹೊಸ ಸೊಸೆ ಚಾವಡಿಯ ಮಂಚದ ಮೇಲೆ ಕಾಲು ಎತ್ತರಕ್ಕಿಟ್ಟು ಮಲಗಿರುವುದು, ಬಂದವರೆಲ್ಲ ನೋಡಿ ಹೋಗುವುದು! ಅತ್ತೆ ನನ್ನನ್ನು ಹಿಡಿದುಕೊಂಡು ಸ್ನಾನದ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಅವರ ಜತೆ ಅದುವರೆಗೆ ನಾನು ಮಾತಾಡಿದ್ದು ಸಾಂಬಾರಿಗೆ ಉಪ್ಪು ಎಷ್ಟು ಎಂಬಷ್ಟು ಮಾತ್ರ. ನಾಚಿಕೆಯಿಂದ ರಾತ್ರಿ ಅತ್ತದ್ದೂ ಉಂಟು. ಇವರು ತೋಟ, ಡೈರಿ, ಮಂಗಳೂರು ಅಂತ ಓಡಾಡುತ್ತಿದ್ದರು. ಯಾರೂ ಒಂದು ಮಾತು ಬೇರೆ ಹೇಳಲಿಲ್ಲ. ಆದರೂ ನಾನು ಈ ಮನೆಗೆ ಬಂದದ್ದು ಇದಕ್ಕಾ ಅನ್ನಿಸುತ್ತಿತ್ತು.

ನನ್ನ ಕಥೆ ಇಷ್ಟು ಸಾಕು. ವಿಜ್ಞಾನಕ್ಕೆ ಬರುತ್ತೇನೆ, ಏಕೆಂದರೆ ಆ ಎರಡು ತಿಂಗಳಲ್ಲಿ ನಾನು ಕಲಿತದ್ದನ್ನು ಬಿ.ಎಸ್ಸಿ.ಯಲ್ಲೂ ಕಲಿತಿರಲಿಲ್ಲ.

ಶಸ್ತ್ರಚಿಕಿತ್ಸೆಯ ಮರುದಿನ ಫಿಸಿಯೋಥೆರಪಿಸ್ಟ್ ಬಂದು 'ತೊಡೆಯ ಸ್ನಾಯು ಬಿಗಿ ಮಾಡಿ' ಅಂದರು. ಮಾಡಿದೆ. ಏನೂ ಆಗಲಿಲ್ಲ. ಮತ್ತೆ ಮಾಡಿದೆ. ತೊಡೆ ಬೇರೆಯವರದ್ದೇನೋ ಎಂಬ ಹಾಗೆ ಬಿದ್ದುಕೊಂಡಿತ್ತು. ಹೆದರಿ ಕೇಳಿದರೆ, 'ಅದು ಹಾಗೆಯೇ, ಕೀಲಿನೊಳಗೆ ಬಾವು ಇದ್ದರೆ ಅಲ್ಲಿಂದ ಹೋಗುವ ಸಂಕೇತಗಳೇ ತೊಡೆಯ ಸ್ನಾಯುವನ್ನು ತಡೆದು ಹಿಡಿಯುತ್ತವೆ' ಎಂದರು. ಸ್ನಾಯು ಸರಿ ಉಂಟು, ನರ ಸರಿ ಉಂಟು, ನನ್ನ ಮನಸ್ಸೂ ಸರಿ ಉಂಟು, ಆದರೂ ಕೆಲಸ ಆಗುವುದಿಲ್ಲ. ಪರಾವರ್ತಿತ ಕ್ರಿಯೆ ಎಂದರೆ ಬಿಸಿ ಪಾತ್ರೆ ಮುಟ್ಟಿ ಕೈ ಹಿಂದಕ್ಕೆ ಎಳೆಯುವುದು ಮಾತ್ರ ಎಂದು ಕಲಿಸುತ್ತಾ ಬಂದ ನನಗೆ ಇದು ಹೊಸದು. ಹಾಗೆ ಬಿಟ್ಟರೆ ಕೆಲವೇ ವಾರದಲ್ಲಿ ತೊಡೆ ಕಣ್ಣಿಗೆ ಕಾಣುವಷ್ಟು ಸೊರಗುತ್ತದೆ. ಅದಕ್ಕೇ ಮಲಗಿಸಿಬಿಡದೆ ಮೊದಲ ದಿನದಿಂದಲೇ ವ್ಯಾಯಾಮ. 'ಪೂರ್ತಿ ರೆಸ್ಟ್ ಮಾಡು, ಕಾಲು ಅಲ್ಲಾಡಿಸಬೇಡ' ಎಂದು ನನ್ನನ್ನು ನೋಡಲು ಬಂದವರೆಲ್ಲ ಹೇಳಿ ಹೋದರು. ಅವರಲ್ಲಿ ಇಬ್ಬರು ನಮ್ಮ ಹಾಗೆಯೇ ವಿಜ್ಞಾನ ಕಲಿಸುವವರು.

ಎರಡನೆಯದು ಇನ್ನೂ ಸ್ವಾರಸ್ಯ. ಕಡಿದ ಎ.ಸಿ.ಎಲ್. ತಾನಾಗಿ ಕೂಡಿಕೊಳ್ಳುವುದು ಕಷ್ಟ. ಚರ್ಮ ಕೊಯ್ದರೆ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಮೇಲೆಯೇ ಹೊಸ ಅಂಗಾಂಶ ಬೆಳೆಯುತ್ತದೆ. ಇದು ಇರುವುದು ಕೀಲಿನ ದ್ರವದ ನಡುವೆ, ಅಲ್ಲಿ ಹೆಪ್ಪು ನಿಲ್ಲುವುದಿಲ್ಲ. ಆದ್ದರಿಂದ ನನ್ನದೇ ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನು ತೆಗೆದು, ಮಡಚಿ ಹೊಲಿದು, ಎಲುಬಿನಲ್ಲಿ ರಂಧ್ರ ಕೊರೆದು ಕೂರಿಸಿದರು. ಅಲ್ಲಿಗೆ ಕೆಲಸ ಮುಗಿಯಿತು ಎಂದು ನಾನು ತಿಳಿದಿದ್ದೆ. ಇಲ್ಲ. ಕೂರಿಸಿದ ರಜ್ಜುವಿಗೆ ರಕ್ತದ ಸಂಪರ್ಕ ತಪ್ಪಿರುವುದರಿಂದ ಅದರ ಜೀವಕೋಶಗಳು ಬಹಳಷ್ಟು ಸಾಯುತ್ತವೆ. ಉಳಿಯುವುದು ಕೊಲಾಜೆನ್ನಿನ ಚೌಕಟ್ಟು. ಮೆಲ್ಲಮೆಲ್ಲನೆ ಹೊಸ ರಕ್ತನಾಳಗಳು ಅದರೊಳಗೆ ನುಗ್ಗಿ, ಹೊಸ ಕೋಶಗಳು ಬಂದು ಸೇರಿ, ತಿಂಗಳುಗಟ್ಟಲೆ ಕಾಲದಲ್ಲಿ ಸ್ನಾಯುರಜ್ಜು ಅಸ್ಥಿರಜ್ಜುವಿನ ಹಾಗೆ ಮಾರ್ಪಡುತ್ತದೆ. ಈ ಬದಲಾವಣೆಯ ನಡುವೆ, ಸುಮಾರು ಆರರಿಂದ ಹನ್ನೆರಡನೇ ವಾರದೊಳಗೆ, ಅದು ಅತ್ಯಂತ ದುರ್ಬಲವಾಗಿರುತ್ತದೆ. ನೋವು ಹೆಚ್ಚುಕಡಿಮೆ ಹೋಗಿರುವುದೂ, 'ಇನ್ನೂ ಕೋಲು ಬಿಡಲಿಲ್ವಾ?' ಎಂದು ಜನ ಕೇಳುವುದೂ ಅದೇ ಸಮಯದಲ್ಲಿ!

ನೋವೂ ಗಾಯವೂ ಒಂದೇ ತಕ್ಕಡಿಯಲ್ಲಿ ಏರಿಳಿಯುವುದಿಲ್ಲ ಎಂಬ ಈ ಸಂಗತಿಯನ್ನು ನಾವು ಯಾವ ಪಾಠದಲ್ಲಿ ಕಲಿಸುತ್ತೇವೆ? ಎಲುಬುಗಳ ಸಂಖ್ಯೆ 206 ಎಂದು ಕಲಿಸುತ್ತೇವೆ. ಮೂಳೆ ಮುರಿದವ, ಹೊಲಿಗೆ ಹಾಕಿಸಿಕೊಂಡವ ಎಷ್ಟು ದಿನ ಏನು ಮಾಡಬೇಕು, ಏಕೆ ಮಾಡಬೇಕು ಎಂಬುದು ಪಾಠದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ. ನಮ್ಮ ಮಕ್ಕಳು ಕಬಡ್ಡಿ ಆಡುತ್ತಾರೆ, ಅಡಿಕೆ ಮರ ಹತ್ತುವ ಅಪ್ಪಂದಿರ ಮಕ್ಕಳು ಅವರು. ಅವರಿಗೆ ಬೇಕಾದ್ದು ಯಾವುದು ಎಂದು ನೀವೇ ಹೇಳಿ.

ಫಿಸಿಯೋ ಕೊಟ್ಟ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿತ್ತು. ಊರಿಗೆ ಬಂದ ಮೇಲೆ ಹೋದ ಕಡೆ ಎಲ್ಲ ಮಲಯಾಳದಲ್ಲಿ ಹೇಳಿಕೊಟ್ಟರು, ಒಳ್ಳೆಯವರು, ತಾಳ್ಮೆಯವರು. ನನಗೆ ಎರಡೂ ಅರ್ಥವಾಗುತ್ತದೆ. ಆದರೆ ಎಣಿಕೆ ಇಡುವ ಅತ್ತೆಗೆ ಬೇಕಲ್ಲ ಎಂದು ನಾನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದೆ. 'ಹಿಮ್ಮಡಿ ಜಾರಿಸುವುದು, 10 ಸಲ. ಮೊಣಕಾಲಿನ ಕೆಳಗೆ ಬೈರಾಸು ಸುರುಳಿ ಇಟ್ಟು ಒತ್ತುವುದು, 5 ಎಣಿಸುವವರೆಗೆ. ಕಾಲು ನೇರ ಎತ್ತುವುದು...' ಹೀಗೆ. ಅದನ್ನು ಚಾವಡಿಯ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಮೊಣಕಾಲು ಎಷ್ಟು ಮಡಚುತ್ತದೆ ಎಂದು ಅಳೆಯಲು ಶಾಲೆಯಿಂದ ಬೋರ್ಡಿನ ಕೋನಮಾಪಕ ತರಿಸಿಕೊಂಡೆ. ಸೊಂಟದ ಬದಿಯ ಉಬ್ಬಿನಿಂದ ಮೊಣಕಾಲಿನ ಬದಿಗೆ ಒಂದು ಸ್ಕೇಲು, ಅಲ್ಲಿಂದ ಕಾಲ್ಗಂಟಿಗೆ ಇನ್ನೊಂದು. ನಡುವೆ ಕೋನಮಾಪಕ. ಒಂದನೇ ವಾರ 45 ಡಿಗ್ರಿ, ಎರಡನೇ ವಾರ 85, ನಾಲ್ಕನೇ ವಾರ 105, ಆರನೇ ವಾರ 118. ಆಮೇಲೆ ಮೂರು ವಾರ ಏನು ಮಾಡಿದರೂ 120ರ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಗ್ರಾಫ್ ಹಾಳೆಯಲ್ಲಿ ಹಾಕಿದ್ದೇನೆ. ಸರಳರೇಖೆಯಲ್ಲ, ಏರಿ ಏರಿ ಚಪ್ಪಟೆಯಾಗುವ ವಕ್ರರೇಖೆ. ನನ್ನ ಒಂಬತ್ತನೆಯ ಮಕ್ಕಳು ಈಗ ಅದನ್ನು ನೋಡಿ, 'ಟೀಚರ್, ಇಲ್ಲಿ ನೀವು ಸೋಮಾರಿತನ ಮಾಡಿದ್ದೀರಿ' ಎನ್ನುತ್ತಾರೆ. ಮಾಡಿರಲಿಲ್ಲ. ಆದರೆ ಗ್ರಾಫ್ ಓದಿ ಪ್ರಶ್ನೆ ಕೇಳಿದರಲ್ಲ, ಸಂತೋಷವೇ.

ಒಂದು ಸಂಜೆ ಕಣ್ಣು ಬಿಟ್ಟು ನೋಡುತ್ತೇನೆ, ಅತ್ತೆ ನೆಲದ ಮೇಲೆ ಚಾಪೆ ಹಾಕಿ ಮಲಗಿ, ಗೋಡೆಯ ಹಾಳೆ ನೋಡಿಕೊಂಡು ಕಾಲು ಎತ್ತುತ್ತಿದ್ದಾರೆ.

'ಅತ್ತೆ, ಎಂತ ಮಾಡ್ತಿದ್ದೀರಿ?'

'ನಂಗೂ ನೋವುಂಟು ಮಗಳೇ. ಎಂಟು-ಹತ್ತು ವರ್ಷ ಆಯ್ತು. ಹೇಳಿದ್ರೆ ಎಂತ ಆಗ್ತದೆ?'

ದಿನಕ್ಕೆ ಎಷ್ಟು ಸಲ ಅವರು ತೋಟಕ್ಕೆ ಇಳಿದು ಹತ್ತುತ್ತಾರೋ ಲೆಕ್ಕವಿಲ್ಲ. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಬಲಗಾಲೇ ಮುಂದೆ ಇಡುತ್ತಿದ್ದುದನ್ನು ನಾನು ಮೊದಲೂ ನೋಡಿದ್ದೆ. ನೋವಿರುವ ಕಾಲು ಇಳಿಯುವಾಗ ಮೊದಲು, ಒಳ್ಳೆಯ ಕಾಲು ಹತ್ತುವಾಗ ಮೊದಲು ಎಂದು ಫಿಸಿಯೋ ಹೇಳಿಕೊಟ್ಟ ಮೇಲೆಯೇ ನನಗೆ ಅದರ ಅರ್ಥ ಹೊಳೆದದ್ದು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕಾಲೇ ಕಂಡುಹಿಡಿದಿತ್ತು. ಡಾಕ್ಟರಿಗೆ ತೋರಿಸಿದೆವು, ಸವೆತದ ನೋವು ಎಂದರು. ತೊಡೆಯ ಸ್ನಾಯು ಬಲಪಡಿಸಿದರೆ ಅಂಥ ನೋವೂ ಕಡಿಮೆಯಾಗುತ್ತದೆ. ಈಗ ನಾವಿಬ್ಬರೂ ಸಂಜೆ ಆರೂವರೆಗೆ ಒಟ್ಟಿಗೆ ಮಾಡುತ್ತೇವೆ. ಅವರು ನನಗಿಂತ ಶಿಸ್ತಿನವರು. ನಾನು 8ಕ್ಕೆ ಬಿಟ್ಟರೆ 'ಇನ್ನೂ ಎರಡುಂಟು' ಎನ್ನುತ್ತಾರೆ. ನಾವು ಅತ್ತೆ-ಸೊಸೆ ಆದದ್ದು ಆ ಚಾಪೆಯ ಮೇಲೆ ಅಂತ ನನಗನ್ನಿಸುತ್ತದೆ.

ಇನ್ನು ಈ ಲೇಖನ ಬರೆಯಲು ನಿಜವಾದ ಕಾರಣ ಹೇಳುತ್ತೇನೆ. ಇದುವರೆಗೆ ಹೇಳದೆ ಮುಂದೂಡಿದ್ದು ಸಂಕೋಚದಿಂದ.

ನವೆಂಬರದಲ್ಲಿ ಶಾಲೆಗೆ ಮರಳಿದಾಗ ಹೆಡ್‌ಮಾಸ್ಟರು ನನ್ನ ಎಲ್ಲ ತರಗತಿಗಳನ್ನು ಕೆಳಗಿನ ಕೋಣೆಗಳಿಗೆ ಬದಲಿಸಿ ಕೊಟ್ಟರು. ಕುರ್ಚಿಯಲ್ಲಿ ಕೂತು ಪಾಠ ಮಾಡಲಿಕ್ಕೆ ಒಪ್ಪಿದರು. (ಕೂತರೆ ಪಾಠ ಇಳಿಯುವುದಿಲ್ಲ ಎಂಬುದೊಂದು ನಂಬಿಕೆ ನಮ್ಮಲ್ಲಿ ಉಂಟಲ್ಲ. ಅದರ ಬಗ್ಗೆ ಬೇರೆಯೇ ಬರೆಯಬೇಕು.) ಮೇಲೆ ಹೋಗಬೇಕಾದ್ದು ಲ್ಯಾಬಿಗೆ ಮಾತ್ರ. 22 ಮೆಟ್ಟಿಲು, ಒಂದೇ ಬದಿಗೆ ಕೈಪಿಡಿ. ಮೆಟ್ಟಿಲು ಹತ್ತುವಾಗ ಮಂಡಿಚಿಪ್ಪಿನ ಹಿಂದಿನ ಕೀಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಎರಡು-ಮೂರು ಪಟ್ಟು. ನಾನು ಹತ್ತಲಿಲ್ಲ. ಲ್ಯಾಬಿನ ಪೀರಿಯಡಿನಲ್ಲಿ ಸಹೋದ್ಯೋಗಿಯೊಬ್ಬರು ಮಕ್ಕಳನ್ನು ಮೇಲೆ ಕರೆದುಕೊಂಡು ಹೋದರು, ನಾನು ಕೆಳಗೆ ಕ್ಲಾಸಿನಲ್ಲೇ ಕೂತೆ.

ನೋಡಿದರೆ ಮೂರನೇ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಾಳೆ. ಹುಟ್ಟಿನಿಂದಲೇ ಒಂದು ಕಾಲು ಬಲಹೀನ ಅವಳಿಗೆ.

'ನೀನು ಹೋಗುವುದಿಲ್ವಾ?'

'ನಾನು ಯಾವಾಗ್ಲೂ ಇಲ್ಲೇ ಇರುದಲ್ವಾ ಟೀಚರ್.'

ಅವಳು ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ನನಗೆ ಗೊತ್ತಿರುವ ಸಂಗತಿಯನ್ನು ನನಗೆ ನೆನಪಿಸುವ ಹಾಗೆ ಹೇಳಿದಳು. ಎಂಟನೆಯಲ್ಲೂ ಅವಳಿಗೆ ವಿಜ್ಞಾನ ಕಲಿಸಿದವಳು ನಾನೇ. ಮಕ್ಕಳನ್ನು ಸಾಲು ಮಾಡಿಸಿ ಮೇಲೆ ಕರೆದುಕೊಂಡು ಹೋದವಳೂ ನಾನೇ. ಅವಳ ರೆಕಾರ್ಡ್ ಪುಸ್ತಕ ಅಚ್ಚುಕಟ್ಟು, ಗೆಳತಿಯದನ್ನು ನೋಡಿ ಬರೆದದ್ದು. ಈರುಳ್ಳಿ ಸಿಪ್ಪೆಯ ಕೋಶಗಳ ಚಿತ್ರ ಎಷ್ಟು ಚೆನ್ನಾಗಿ ಬಿಡಿಸಿದ್ದಾಳೆಂದರೆ ನಾನು 'ಗುಡ್' ಎಂದು ಬರೆದು ಸಹಿ ಹಾಕಿದ್ದೇನೆ. ಸಿ.ಇ. ಅಂಕ ಪೂರ್ತಿ ಕೊಟ್ಟಿದ್ದೇನೆ. ಪಾಪ ಮಗು, ಕಷ್ಟ ಕೊಡಬಾರದು ಎಂದು. ಅದನ್ನು ನಾನು ಕರುಣೆ ಎಂದು ತಿಳಿದಿದ್ದೆ. ಸೂಕ್ಷ್ಮದರ್ಶಕದಲ್ಲಿ ಅವಳು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ.

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವಳಿಗೂ ಅವಳ ಅಮ್ಮನಿಗೂ ಓದಿ ಹೇಳಿ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ನನಗಾಗಿ ಒಂದೇ ದಿನದಲ್ಲಿ ವೇಳಾಪಟ್ಟಿ ಬದಲಾಯಿತು. ಅರ್ಜಿ ಕೂಡ ಬೇಕಾಗಲಿಲ್ಲ. ನನ್ನ ಕಾಲು ಒಂಬತ್ತು ತಿಂಗಳಲ್ಲಿ ಸರಿಯಾಗುವ ಕಾಲು. ಅವಳಿಗಾಗಿ ಏನೂ ಬದಲಾಗಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ, ನಮ್ಮ ಅತ್ತೆಯ ಹಾಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶಾಲೆಯ ಕಟ್ಟಡ, ಆವರಣ, ಸೌಲಭ್ಯ ಎಲ್ಲವೂ ಇಂಥ ಮಕ್ಕಳಿಗೆ ಎಟಕುವಂತಿರಬೇಕು. ಅದಕ್ಕೆ ತಕ್ಕ ಹೊಂದಾಣಿಕೆಯನ್ನು ಮಾಡಿಕೊಡಬೇಕಾದವರು ನಾವು, ಮಗು ಬಂದು ಕೇಳಲಿ ಎಂದು ಕಾಯುವಂತಿಲ್ಲ. ಶೌಚಾಲಯಕ್ಕೂ ವರಾಂಡಕ್ಕೂ ಇಳಿಜಾರು ಹಾದಿ ಕಟ್ಟಿಸುತ್ತೇವೆ, ಅದು ಒಳ್ಳೆಯದೇ. ಲ್ಯಾಬು ಮಾತ್ರ ಮಹಡಿಯ ಮೇಲೆ. ನಮ್ಮ ಕಡೆಯ ಎಷ್ಟು ಶಾಲೆಗಳಲ್ಲಿ ಹೀಗಿದೆ ಎಂದು ನನಗೆ ತಿಳಿಯದು. ನಾನು ಕೆಲಸ ಮಾಡಿದ ಎರಡು ಶಾಲೆಗಳಲ್ಲೂ ಹೀಗೆಯೇ ಇತ್ತು.

ಲ್ಯಾಬನ್ನು ಕೆಳಗೆ ತರೋಣ ಎಂದಾಗ ಬಂದ ಆಕ್ಷೇಪಗಳು ಸುಳ್ಳಲ್ಲ. ನೀರಿನ ಪೈಪ್, ಸಿಂಕ್, ಗ್ಯಾಸ್ ಎಲ್ಲ ಮೇಲೆಯೇ ಉಂಟು. ಆಸಿಡ್ ಬಾಟಲಿ ಸಣ್ಣ ಮಕ್ಕಳ ಕೈಗೆ ಸಿಗಬಾರದು. ಕೆಳಗಿನ ಕೋಣೆ ಬಿಟ್ಟುಕೊಡಲು ಬೇರೆ ತರಗತಿ ಮೇಲೆ ಹೋಗಬೇಕು. ಒಬ್ಬ ಹಿರಿಯರು, 'ಒಬ್ಬಳಿಗೋಸ್ಕರವಾ?' ಎಂದರು. ಕೆಟ್ಟ ಮನಸ್ಸಿನಿಂದ ಅಲ್ಲ, ಲೆಕ್ಕ ಹಾಕಿ. ನನ್ನ ಉತ್ತರ ಇಷ್ಟೇ ಆಗಿತ್ತು: ಪ್ರೌಢಶಾಲೆಯ ನಮ್ಮ ಪ್ರಯೋಗಗಳಲ್ಲಿ ಸಿಂಕೂ ಗ್ಯಾಸೂ ಬೇಕಾದವು ಎಷ್ಟು? ಪಟ್ಟಿ ಮಾಡಿ ನೋಡಿದೆ. ಸೂಕ್ಷ್ಮದರ್ಶಕ, ಮಸೂರ, ದರ್ಪಣ, ಲೋಲಕ, ಬ್ಯಾಟರಿ-ಬಲ್ಬು, ಲಿಟ್ಮಸ್, ಎಲೆಯ ಪಿಷ್ಟ ಪರೀಕ್ಷೆ... ಹೆಚ್ಚಿನವು ಒಂದು ಗಟ್ಟಿ ಮೇಜು, ಎರಡು ಬಕೆಟ್ ನೀರು, ಒಂದು ಸ್ಪಿರಿಟ್ ಲ್ಯಾಂಪಿನಲ್ಲಿ ಆಗುವವು. ಹಾಗಾಗಿ ಲ್ಯಾಬನ್ನೇ ಪೂರ್ತಿ ಇಳಿಸಲು ನಾವು ಹೋಗಲಿಲ್ಲ. ಹಳೆಯ ಪೀಠೋಪಕರಣ ತುಂಬಿಸಿಟ್ಟಿದ್ದ ಕೆಳಗಿನ ಕೋಣೆಯನ್ನು ಪಿ.ಟಿ.ಎ. ಸಹಾಯದಿಂದ ಖಾಲಿ ಮಾಡಿಸಿ, ಮೂರು ಮೇಜು, ಬೀಗವಿರುವ ಒಂದು ಕಪಾಟು, ಎರಡು ಸೂಕ್ಷ್ಮದರ್ಶಕ ಇಟ್ಟೆವು. ಅಪಾಯದ ರಾಸಾಯನಿಕಗಳು ಮೇಲೆಯೇ ಇವೆ. ಖರ್ಚು ಹೆಚ್ಚಾದದ್ದು ಕಿಟಕಿಯ ಬಾಗಿಲು ರಿಪೇರಿಗೆ.

ಡಿಸೆಂಬರ ಪರೀಕ್ಷೆ ಕಳೆದ ಮೇಲಿನ ಮೊದಲ ವಾರ ಅಲ್ಲಿ ಒಂಬತ್ತನೆಯವರನ್ನು ಕರೆದುಕೊಂಡು ಹೋದೆ. ನಾನು ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವಳು ಈರುಳ್ಳಿ ಸಿಪ್ಪೆಯ ಸ್ಲೈಡ್ ತಾನೇ ಮಾಡಿದಳು. ಮೊದಲ ಸಲ ಗುಳ್ಳೆ ಸೇರಿತು, ಎರಡನೇ ಸಲವೂ. ಮೂರನೇ ಸಲ ನೋಡಿ, 'ಟೀಚರ್, ನಾನು ಬಿಡಿಸಿದ ಹಾಗೆ ಇಲ್ವಲ್ಲ ಇದು. ಗೆರೆ ಎಲ್ಲ ಸೊಟ್ಟ ಉಂಟು' ಅಂದಳು. ಹೌದು, ಗೆಳತಿಯ ಪುಸ್ತಕದಲ್ಲಿ ಎಲ್ಲ ಕೋಶಗಳೂ ಇಟ್ಟಿಗೆ ಜೋಡಿಸಿದ ಹಾಗೆ ನೇರ ಇದ್ದವು. ಆ ಗೆಳತಿಯೂ ಯಾರದ್ದನ್ನೋ ನೋಡಿ ಬಿಡಿಸಿದ್ದಾಳೆ ಎಂದು ಆಗ ತಿಳಿಯಿತು. ಹಾಗೆ ನೋಡಿದರೆ ಮೇಲೆ ಹತ್ತಿ ಹೋದವರಲ್ಲೂ ಎಷ್ಟು ಮಂದಿ ಕಣ್ಣಿಟ್ಟು ನೋಡಿದ್ದರೋ! ಅದು ನನ್ನ ಇನ್ನೊಂದು ತಪ್ಪು.

ಈಗ ಫೆಬ್ರವರಿ. ಎಸ್.ಎಸ್.ಎಲ್.ಸಿ.ಯವರಿಗೆ ರಿವಿಜನ್ ನಡೆಯುತ್ತಿದೆ. ಶಸ್ತ್ರಚಿಕಿತ್ಸೆಯಾಗಿ ಐದೂವರೆ ತಿಂಗಳು. ಕೋಲು ಬಿಟ್ಟಿದ್ದೇನೆ, ನೋವು ಇಲ್ಲ, ಓಡುವುದಕ್ಕೆ ಇನ್ನೂ ಅನುಮತಿ ಇಲ್ಲ. ಎಡತೊಡೆ ಬಲತೊಡೆಗಿಂತ ಈಗಲೂ 2 ಸೆಂಟಿಮೀಟರ್ ಸಣ್ಣ, ಪ್ರತಿ ಭಾನುವಾರ ಟೇಪಿನಲ್ಲಿ ಅಳೆಯುವುದು ಅತ್ತೆಯೇ. ಮುಂದಿನ ಮಳೆಗಾಲದಲ್ಲಿ ಆ ಅಂಗಳ ಹೇಗೆ ದಾಟುವುದೆಂದು ಯೋಚನೆಯೂ ಇದೆ. ಬೆರಳೂರಿ ನಡೆಯುವ ವಿದ್ಯೆಯನ್ನು ಕಲಿಸಿಕೊಡುತ್ತೇನೆ ಎಂದಿದ್ದಾರೆ.

ನಿಮ್ಮಲ್ಲಿ ಕೇಳುವುದು ಎರಡು. ನಾನು ಕನ್ನಡದಲ್ಲಿ ಬರೆದ ವ್ಯಾಯಾಮದ ಹಾಳೆಯನ್ನು ಫಿಸಿಯೋ ಒಬ್ಬರಿಗೆ ತೋರಿಸಿ ತಿದ್ದಿಸಿದ್ದೇನೆ. ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಸಿಕ್ಕರೆ ಹಾಕಬಹುದು. ಮನೆಗೆ ಒಯ್ದು ಗೋಡೆಗೆ ಅಂಟಿಸಿ, ಯಾರು ಚಾಪೆ ಹಾಸುತ್ತಾರೆ ನೋಡಿ. (ವ್ಯಾಯಾಮ ಶುರು ಮಾಡುವ ಮೊದಲು ಡಾಕ್ಟರಿಗೆ ತೋರಿಸಿಕೊಳ್ಳಲು ಹೇಳಿ.) ಇನ್ನೊಂದು, ಜೂನಿನಲ್ಲಿ ಶಾಲೆ ತೆರೆಯುವ ಮೊದಲು ನಿಮ್ಮ ಶಾಲೆಯ ಲ್ಯಾಬು ಎಷ್ಟನೇ ಮಹಡಿಯಲ್ಲಿದೆ, ಎಷ್ಟು ಮೆಟ್ಟಿಲು, ಕೈಪಿಡಿ ಎರಡೂ ಬದಿಗೆ ಉಂಟಾ, ಲ್ಯಾಬಿನ ಪೀರಿಯಡಿನಲ್ಲಿ ಕೆಳಗೆ ಉಳಿಯುವವರು ಯಾರಾದರೂ ಇದ್ದಾರಾ ಎಂದು ಒಂದು ಕಾರ್ಡಿನಲ್ಲಿ ಬರೆದು ಸಂಪಾದಕರಿಗೆ ಕಳಿಸಿ. ಶಾಲೆಯ ಹೆಸರು ಬೇಡ. ನಮ್ಮದನ್ನು ನಾನೇ ಮೊದಲು ಬರೆಯುತ್ತೇನೆ: ಒಂದನೇ ಮಹಡಿ, 22 ಮೆಟ್ಟಿಲು, ಕೈಪಿಡಿ ಒಂದೇ ಬದಿ, ಕೆಳಗೆ ಉಳಿದವರು ಒಬ್ಬಳು.